ನಿಂತು ಓದುವ ಮೇಜು: ಅಲ್ಪ ವೆಚ್ಚದಲ್ಲಿ ಮನೆಯಲ್ಲಿಯೇ ಮಾಡಿಕೊಳ್ಳುವ ಬಗೆ

ಸ್ಮರಣ ಸಂಚಿಕೆಯಲ್ಲಿ ಮುಖ್ಯೋಪಾಧ್ಯಾಯಿನಿಯಾದವಳು ಶಾಲೆಯ ಏಳಿಗೆಯನ್ನೂ ಹಿತೈಷಿಗಳ ಉಪಕಾರವನ್ನೂ ಕುರಿತು ಬರೆಯುವುದು ವಾಡಿಕೆ. ಆ ಕೃತಜ್ಞತೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ನಾನು ಈ ಸಾರಿ ಹಲಗೆ, ಮೊಳೆ, ಗರಗಸಗಳ ವಿಷಯವನ್ನು ಎತ್ತಿಕೊಂಡಿರುವೆನು. ಇದನ್ನು ಓದುವ ತಾಯಿತಂದೆಗಳಲ್ಲಿ ಕೆಲವರಾದರೂ ಒಂದು ಭಾನುವಾರದ ಮಧ್ಯಾಹ್ನ ಗರಗಸವನ್ನು ಕೈಗೆತ್ತಿಕೊಂಡರೆ ನನ್ನ ಲೇಖನದ ಉದ್ದೇಶವು ಸಫಲವಾದಂತೆಯೇ ಸರಿ.

ನಮ್ಮ ಶಾಲೆಗೆ ಬರುವ ಬಾಲಿಕೆಯರಲ್ಲಿ ಅನೇಕರು ನೇಕಾರರ ಮನೆಯವರು. ಮಹಾಲಿಂಗಪುರವು ಬೆಲ್ಲದ ಪೇಟೆಗೆ ಹೇಗೋ ಹಾಗೆಯೇ ಸೀರೆಯ ನೇಯ್ಗೆಗೂ ಹೆಸರಾದ ಊರು. ನೆರೆಯ ರಬಕವಿ, ಬನಹಟ್ಟಿ, ತೇರದಾಳಗಳಲ್ಲಿಯೂ ಮಗ್ಗದ ಸಪ್ಪಳವು ಕೇಳಿಬರುವುದು. ಇಂಥ ಮನೆಗಳಲ್ಲಿ ಮನೆಯ ಉತ್ತಮವಾದ ಜಾಗವು ಮಗ್ಗಕ್ಕೆ ಸಲ್ಲುವುದು. ಮಗ್ಗವೇ ಅನ್ನ ಕೊಡುವುದಾದುದರಿಂದ ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಮಗಳು ಓದಲು ಕುಳಿತುಕೊಳ್ಳುವುದೆಲ್ಲಿ? ನೆಲದ ಮೇಲೆ ಚಾಪೆ ಹಾಸಿ, ಪುಸ್ತಕವನ್ನು ನೆಲದಲ್ಲಿಯೇ ಇಟ್ಟು, ಅದರ ಮೇಲೆ ಬಿಲ್ಲಿನಂತೆ ಬಾಗಿ ಎರಡು ಮೂರು ತಾಸು ಬರೆಯುವಳು. ಪರೀಕ್ಷೆಯ ತಿಂಗಳು ಸಮೀಪಿಸಿದಂತೆ ಕತ್ತು ನೋವು, ಬೆನ್ನು ನೋವು ಎಂದು ಹೇಳುವವರ ಸಂಖ್ಯೆಯು ಹೆಚ್ಚುವುದನ್ನು ನಾನು ವರ್ಷ ವರ್ಷವೂ ಕಂಡಿದ್ದೇನೆ. ನೋವಿನಿಂದ ಓದು ಕಡಿಮೆಯಾದರೆ ಮನೆಯವರು, "ಇವಳಿಗೆ ಓದು ಒಗ್ಗಲಿಲ್ಲ" ಎಂದು ತೀರ್ಮಾನಿಸುವುದುಂಟು. ಒಗ್ಗದಿದ್ದುದು ಓದೋ ಅಥವಾ ಕುಳಿತ ಬಗೆಯೋ ಎಂಬದನ್ನು ಯಾರೂ ವಿಚಾರಿಸುವುದಿಲ್ಲ.

ಬಾಗಿ ಕುಳಿತರೆ ನೋವೇಕೆ ಎಂಬದನ್ನು ನೀರು ಹೊರುವವರು ಸುಲಭವಾಗಿ ತಿಳಿಯಬಹುದು. ತುಂಬಿದ ಕೊಡವನ್ನು ಸೊಂಟಕ್ಕೆ ಒತ್ತಿ ಹಿಡಿದರೆ ಬಹುದೂರ ನಡೆಯಬಹುದು; ಅದೇ ಕೊಡವನ್ನು ಕೈಚಾಚಿ ಹಿಡಿದರೆ ನಾಲ್ಕು ಹೆಜ್ಜೆ ಇಡುವುದೂ ಕಷ್ಟ. ಮನುಷ್ಯನ ತಲೆಯ ಭಾರವು ಸುಮಾರು 4ರಿಂದ 5 ಕಿಲೋಗ್ರಾಮು. ಅದು ಬೆನ್ನೆಲುಬಿನ ಮೇಲೆ ನೇರವಾಗಿ ಕುಳಿತಾಗ ಎಲುಬುಗಳು ಅದನ್ನು ಹೊರುವವು. ಮುಂದಕ್ಕೆ ಬಾಗಿದಾಗ ಕತ್ತಿನ ಹಿಂದಿನ ಸ್ನಾಯುಗಳು ಅದನ್ನು ಹಗ್ಗದಂತೆ ಜಗ್ಗಿ ಹಿಡಿಯಬೇಕಾಗುವುದು. ಭಾರವು ಅಷ್ಟೇ ಇದ್ದರೂ ದೂರವು ಹೆಚ್ಚಿದಂತೆ ಶ್ರಮವು ಹೆಚ್ಚುವುದು. ಸನ್ನೆಕೋಲಿನ ಪಾಠದಲ್ಲಿ ನಾವು ಕಲಿಸುವುದೂ ಇದನ್ನೇ.

ನಿಂತು ಓದುವುದು ಹೊಸ ಪದ್ಧತಿಯೆಂದು ಯಾರೂ ಸಂಕೋಚಪಡಬೇಕಾಗಿಲ್ಲ. ನೆಹೆಮೀಯನ ಗ್ರಂಥದ ಎಂಟನೆಯ ಅಧ್ಯಾಯವನ್ನು ಓದಿದವರು, ಎಜ್ರನು ಆ ಕಾರ್ಯಕ್ಕೆಂದೇ ಮಾಡಿದ ಮರದ ಪೀಠದ ಮೇಲೆ ನಿಂತು ಜನರಿಗೆ ಧರ್ಮಶಾಸ್ತ್ರವನ್ನು ಓದಿ ಹೇಳಿದ ಸಂಗತಿಯನ್ನು ಬಲ್ಲರು. ನಮ್ಮ ದೇವಾಲಯಗಳಲ್ಲಿ ವಾಕ್ಯವನ್ನು ಓದುವವರು ಇಂದಿಗೂ ಇಳಿಜಾರಾದ ಪೀಠದ ಮುಂದೆ ನಿಲ್ಲುತ್ತಾರೆ. ಪುರಾಣ ಓದುವ ಮನೆಗಳಲ್ಲಿ ಕತ್ತರಿಯಾಕಾರದ ವ್ಯಾಸಪೀಠವು ಹಿಂದಿನಿಂದಲೂ ಇರುವುದು. ಪುಸ್ತಕವು ಕಣ್ಣಿನ ಕಡೆಗೆ ಏರಬೇಕಲ್ಲದೆ ಕಣ್ಣು ಪುಸ್ತಕದ ಕಡೆಗೆ ಇಳಿಯಬಾರದೆಂಬ ತಿಳುವಳಿಕೆಯು ಅದನ್ನು ಮಾಡಿದ ಬಡಗಿಗಳಿಗೆ ಇದ್ದಿತು. ಬಾಸೆಲ್ ಮಿಶನ್ನಿನವರು 1841ರಲ್ಲಿ ಮಂಗಳೂರಿನಲ್ಲಿ ಮುದ್ರಣಾಲಯವನ್ನು ಸ್ಥಾಪಿಸಿದರು. ಕಿಟೆಲ್ ಪಂಡಿತರ ಮಹಾನಿಘಂಟು 1894ರಲ್ಲಿ ಮಂಗಳೂರಿನಲ್ಲಿಯೇ ಅಚ್ಚಾಗಿ ಹೊರಬಂದಿತು. ಅದರ 1,700ಕ್ಕೂ ಮಿಕ್ಕ ಪುಟಗಳನ್ನು ಅಚ್ಚುಮೊಳೆಗಳಿಂದ ಒಂದೊಂದಾಗಿ ಜೋಡಿಸಬೇಕಾಗಿದ್ದಿತು. ಮೊಳೆ ಜೋಡಿಸುವ ಕೆಲಸಗಾರರು ಎದೆಯ ಮಟ್ಟಕ್ಕೆ ಓರೆಯಾಗಿ ನಿಲ್ಲಿಸಿದ ಮೊಳೆಪೆಟ್ಟಿಗೆಯ ಮುಂದೆ ನಿಂತೇ ಕೆಲಸಮಾಡುವುದು ಆ ಕಾಲದ ಮುದ್ರಣಾಲಯಗಳ ಪದ್ಧತಿ. ನಿಂತು ಮಾಡುವ ಅಕ್ಷರವಿದ್ಯೆಗೆ ಇದಕ್ಕಿಂತ ದೊಡ್ಡ ನಿದರ್ಶನವು ಬೇಕೆ?

ಸದಾ ಕುಳಿತಿರುವುದರಿಂದ ದೇಹಕ್ಕೆ ಆಗುವ ಕೇಡನ್ನು ವೈದ್ಯಶಾಸ್ತ್ರವೂ ವಿಚಾರಿಸಿ ನೋಡಿದೆ. ಲಂಡನ್ ನಗರದ ಎರಡಂತಸ್ತಿನ ಬಸ್ಸುಗಳಲ್ಲಿ ದಿನವೆಲ್ಲಾ ಕುಳಿತು ಗಾಡಿ ನಡಿಸುವ ಡ್ರೈವರರಿಗಿಂತಲೂ, ಮೆಟ್ಟಿಲು ಹತ್ತಿಳಿದು ಟಿಕೀಟು ಕೊಡುವ ಕಂಡಕ್ಟರರಿಗೆ ಹೃದಯರೋಗವು ಕಡಿಮೆ ಎಂಬದನ್ನು ಡಾಕ್ಟರ್ ಜೆರೆಮಿ ಮಾರಿಸ್ ಎಂಬವರು 1953ರಲ್ಲಿ ಪ್ರಕಟಿಸಿದರು. ಆದರೆ ಇಲ್ಲಿ ಎಚ್ಚರಿಕೆಯ ಒಂದು ಮಾತನ್ನು ಸೇರಿಸಲೇಬೇಕು. ಆ ಕಂಡಕ್ಟರರು ನಿಂತದ್ದು ಮಾತ್ರವಲ್ಲ, ಅತ್ತಿತ್ತ ಓಡಾಡುತ್ತಲೂ ಇದ್ದರು. ಸುಮ್ಮನೆ ನಿಂತರೆ ಕೊಬ್ಬು ಕರಗಿಹೋಗುವುದೆಂದು ಕೆಲವರು ಹೇಳುತ್ತಾರೆ; ಲೆಕ್ಕ ನೋಡಿದರೆ, ಕುಳಿತಿರುವುದಕ್ಕಿಂತ ನಿಂತಿರುವುದರಿಂದ ಒಂದು ತಾಸಿಗೆ ಸುಮಾರು 9 ಕ್ಯಾಲರಿ ಮಾತ್ರ ಹೆಚ್ಚು ವೆಚ್ಚವಾಗುವುದು. ಒಂದು ಚಮಚ ಸಕ್ಕರೆಯಷ್ಟೂ ಅಲ್ಲ.

ಇನ್ನು ದಿನವೆಲ್ಲಾ ನಿಲ್ಲುವುದರ ಕಷ್ಟವನ್ನು ನಮ್ಮ ಸೀಮೆಯವರಿಗೆ ಹೊರಗಿನವರು ಬಂದು ಹೇಳಬೇಕಾಗಿಲ್ಲ. ಕುಣಿಮಗ್ಗದ ನೇಕಾರನು ಕುಣಿಯೊಳಗೆ ಕಾಲು ಇಳಿಬಿಟ್ಟು ಕುಳಿತು ಬೆನ್ನು ನೋಯಿಸಿಕೊಂಡರೆ, ವಿದ್ಯುತ್ ಮಗ್ಗದ ಕೆಲಸಗಾರನು ಪಾಳಿ ಮುಗಿಯುವವರೆಗೂ ನಿಂತು ಕಾಲು ನೋಯಿಸಿಕೊಳ್ಳುವನು. ಮೀನಖಂಡದ ಸ್ನಾಯುಗಳು ಬಿಗಿದು ಸಡಿಲಾದಾಗಲೆಲ್ಲಾ ಕಾಲಿನ ರಕ್ತವು ಮೇಲಕ್ಕೆ ನೂಕಲ್ಪಡುವುದು. ಅಲುಗಾಡದೆ ನಿಂತರೆ ಈ ನೂಕುವ ಕೆಲಸವು ನಡೆಯದೆ ರಕ್ತವು ಕೆಳಗೆ ತಂಗುವುದು, ಕಾಲು ಬಾವು ಬರುವುದು, ಬಹುಕಾಲ ಹೀಗಾದರೆ ರಕ್ತನಾಳಗಳು ಉಬ್ಬಿಕೊಳ್ಳುವುವು. ಆದುದರಿಂದ ಕುಳಿತುಕೊಳ್ಳುವುದು ಪಾಪವೂ ಅಲ್ಲ, ನಿಲ್ಲುವುದು ಪುಣ್ಯವೂ ಅಲ್ಲ. ಆಗಾಗ ಭಂಗಿಯನ್ನು ಬದಲಿಸುವುದೇ ದೇಹಕ್ಕೆ ಹಿತ. ಕುಳಿತು ಬೇಸತ್ತ ಬಾಲಿಕೆಗೆ ಎದ್ದು ನಿಂತರೂ ಓದನ್ನು ಮುಂದುವರಿಸಲು ಒಂದು ಸ್ಥಳ ಬೇಕು. ನಾನು ಹೇಳಲಿರುವ ಮೇಜಿನ ಪ್ರಯೋಜನವು ಇಷ್ಟೇ.

ಮೊದಲು ಅಳತೆ

ಅಂಗಡಿಯಲ್ಲಿ ಕೊಂಡ ಮೇಜಿಗಿಂತ ಮನೆಯಲ್ಲಿ ಮಾಡಿದ ಮೇಜು ಒಂದು ವಿಷಯದಲ್ಲಿ ಮೇಲು; ಅದು ಉಪಯೋಗಿಸುವವಳ ಅಳತೆಗೆ ಸರಿಯಾಗಿರುವುದು. ಗೇಣು, ಮೊಳ, ಮಾರುಗಳೆಂದು ಹಿರಿಯರು ದೇಹದಿಂದಲೇ ಅಳೆಯುತ್ತಿದ್ದರಷ್ಟೆ. ನಾವೂ ದೇಹದಿಂದಲೇ ಆರಂಭಿಸೋಣ. ಬಾಲಿಕೆಯನ್ನು ಬರಿಗಾಲಿನಲ್ಲಿ ಗೋಡೆಯ ಪಕ್ಕದಲ್ಲಿ ನೆಟ್ಟಗೆ ನಿಲ್ಲಿಸಿ, ತೋಳನ್ನು ಪಕ್ಕೆಗೆ ಸೇರಿಸಿ ಮುಂಗೈಯನ್ನು ಮುಂದಕ್ಕೆ ಮಡಚುವಂತೆ ಹೇಳಿರಿ. ನೆಲದಿಂದ ಮೊಳಕೈಯ ಕೆಳಭಾಗದವರೆಗೆ ಅಳೆದು ಬರೆದುಕೊಳ್ಳಿರಿ. ಸಾಮಾನ್ಯವಾಗಿ ಈ ಅಳತೆಯು ಒಟ್ಟು ಎತ್ತರದ 100 ಪಾಲಿನಲ್ಲಿ 63 ಪಾಲಿನಷ್ಟು ಇರುವುದು. ಎಂದರೆ 5 ಅಡಿ ಎತ್ತರದವಳಿಗೆ ಸುಮಾರು 38 ಅಂಗುಲ. 4 ಅಡಿ 8 ಅಂಗುಲದವಳಿಗೆ 35 ಅಂಗುಲಕ್ಕೆ ತುಸು ಹೆಚ್ಚು. 5 ಅಡಿ 4 ಅಂಗುಲದವಳಿಗೆ 40 ಅಂಗುಲಕ್ಕೆ ತುಸು ಹೆಚ್ಚು. ಲೆಕ್ಕವು ಏನೇ ಹೇಳಲಿ, ಅಳೆದು ನೋಡಿದುದೇ ಪ್ರಮಾಣ.

ಕೆಲಸಕ್ಕೆ ತಕ್ಕಂತೆ ಎತ್ತರವೂ ಬೇರೆಯಾಗುವುದು. ಕಣ್ಣಿಟ್ಟು ಮಾಡುವ ಬರವಣಿಗೆ, ಹೊಲಿಗೆ, ಚಿತ್ರಗಳಿಗೆ ಹಲಗೆಯು ಮೊಳಕೈಗಿಂತ ಒಂದೆರಡು ಅಂಗುಲ ಮೇಲಿರಬೇಕು. ಕಂಪ್ಯೂಟರಿನ ಕೀಲಿಗಳನ್ನು ಒತ್ತುವವರಿಗೆ ಇಳಿಜಾರಿಲ್ಲದೆ ಸಮತಟ್ಟಾಗಿ ಮೊಳಕೈಯ ಮಟ್ಟದಲ್ಲಿರಬೇಕು. ಮೈಭಾರ ಹಾಕಿ ಮಾಡುವ ಕೆಲಸಕ್ಕೆ, ಉದಾಹರಣೆಗೆ ರೊಟ್ಟಿಯ ಹಿಟ್ಟನ್ನು ನಾದುವುದಕ್ಕೆ, ಮೊಳಕೈಗಿಂತ ನಾಲ್ಕಾರು ಅಂಗುಲ ಕೆಳಗಿರಬೇಕು. ಅಡಿಗೆಯ ಕಟ್ಟೆಯನ್ನು ಹೊಸದಾಗಿ ಕಟ್ಟಿಸುವವರು ಗವಂಡಿಯ ರೂಢಿಯ ಅಳತೆಗೆ ಬಿಡದೆ, ಮನೆಯ ಹೆಂಗಸರ ಮೊಳಕೈಯನ್ನು ಅಳೆದು ಕಟ್ಟಿಸುವುದು ಲೇಸು.

ಖರ್ಚಿಲ್ಲದ ಬಗೆ

ಹಣವನ್ನು ವೆಚ್ಚ ಮಾಡುವ ಮೊದಲು ಒಂದು ವಾರ ಪರೀಕ್ಷಿಸಿ ನೋಡತಕ್ಕದ್ದು. ಮನೆಯ ಮೇಜಿನ ಮೇಲೆ ಗಟ್ಟಿಯಾದ ಪೆಟ್ಟಿಗೆಯೊಂದನ್ನು ಬೋರಲಾಗಿ ಇಟ್ಟು, ಅದರ ಮೇಲೆ ವ್ಯಾಸಪೀಠವನ್ನಾಗಲಿ ಓರೆಯಾದ ಹಲಗೆಯನ್ನಾಗಲಿ ಇಟ್ಟರೆ ಓದುವುದಕ್ಕೆ ಸಾಕು. ಮೇಜಿಲ್ಲದ ಮನೆಯಲ್ಲಿ ಎರಡು ಕಬ್ಬಿಣದ ಟ್ರಂಕುಗಳನ್ನು ಒಂದರ ಮೇಲೊಂದು ಇಟ್ಟು, ಅವು ಜಾರದಂತೆ ನಡುವೆ ಗೋಣಿತಟ್ಟನ್ನು ಹಾಸಿ, ಗೋಡೆಗೆ ಒತ್ತಿ ನಿಲ್ಲಿಸಬಹುದು. ಒಂದು ವಾರದೊಳಗೆ ಎತ್ತರವು ಎಷ್ಟಿರಬೇಕೆಂಬದು ಕೈಗೂ ಕಣ್ಣಿಗೂ ತಿಳಿಯುವುದು.

ಮೇಜಿನ ಮೇಲಿಡುವ ಇಳಿಜಾರು ಪೆಟ್ಟಿಗೆ

ಸಾಧಾರಣವಾದ ಮೇಜು 29 ಅಂಗುಲ ಎತ್ತರವಿರುವುದು. 5 ಅಡಿಯ ಬಾಲಿಕೆಗೆ ಬರೆಯುವ ಹಲಗೆಯ ಮುಂಬದಿಯು 39½ ಅಂಗುಲದಲ್ಲಿ ಬೇಕು. ಹಲಗೆಯ ದಪ್ಪ ಅರ್ಧ ಅಂಗುಲವನ್ನು ಕಳೆದರೆ ಪೆಟ್ಟಿಗೆಯ ಮುಂಬದಿಯು 10 ಅಂಗುಲ ಎತ್ತರವಾಗಬೇಕು. ಹಿಂಬದಿಯನ್ನು 13 ಅಂಗುಲ ಮಾಡಿದರೆ ಪುಸ್ತಕಕ್ಕೆ ತಕ್ಕ ಇಳಿಜಾರು ಬರುವುದು. ನಿಮ್ಮ ಮೇಜಿನ ಎತ್ತರವು ಬೇರೆಯಾದರೆ ಇದೇ ರೀತಿಯಲ್ಲಿ ಕಳೆದು ಲೆಕ್ಕ ಹಾಕಿಕೊಳ್ಳಿರಿ.

ಬೇಕಾಗುವ ಸಾಮಗ್ರಿಯು ಅರ್ಧ ಅಂಗುಲ ದಪ್ಪದ ಪ್ಲೈವುಡ್, ಇಲ್ಲವೆ ಸಾಮಾನು ತುಂಬಿ ಬಂದ ಹಳೆಯ ಮರದ ಪೆಟ್ಟಿಗೆಯ ಹಲಗೆಗಳು, ಒಂದು ಅಂಗುಲ ಚೌಕದ ಮರದ ಪಟ್ಟಿಯ ತುಂಡುಗಳು, ಸಣ್ಣ ತಿರುಪುಮೊಳೆಗಳು, ಮರಕ್ಕೆ ಹಚ್ಚುವ ಅಂಟು, ಮರಳುಕಾಗದ. ಉಪಕರಣಗಳು ಗರಗಸ, ಬೈರಿಗೆ, ತಿರುಪುಳಿ, ಮೂಲೆಮಟ್ಟ, ಅಳತೆಯ ಟೇಪು.

ಎರಡು ಪಕ್ಕದ ಹಲಗೆಗಳನ್ನು ಬೇರೆ ಬೇರೆಯಾಗಿ ಕೊಯ್ದರೆ ಅವು ಒಂದಕ್ಕೊಂದು ಸರಿಹೊಂದುವುದು ಕಷ್ಟ. ಅದಕ್ಕೆ ಸುಲಭವಾದ ಉಪಾಯವುಂಟು. 14 ಅಂಗುಲ ಅಗಲ, 23 ಅಂಗುಲ ಉದ್ದದ ಒಂದೇ ತುಂಡನ್ನು ತೆಗೆದುಕೊಳ್ಳಿರಿ. ಎಡದಂಚಿನಲ್ಲಿ ಕೆಳಗಿನಿಂದ 10 ಅಂಗುಲಕ್ಕೂ, ಬಲದಂಚಿನಲ್ಲಿ ಕೆಳಗಿನಿಂದ 13 ಅಂಗುಲಕ್ಕೂ ಗುರುತು ಹಾಕಿ, ಎರಡು ಗುರುತುಗಳನ್ನು ಕೂಡಿಸುವ ಗೆರೆಯ ಮೇಲೆ ಕೊಯ್ಯಿರಿ. 10ಕ್ಕೆ 13 ಕೂಡಿದರೆ 23 ಆಗುವುದರಿಂದ ಎರಡೂ ತುಂಡುಗಳು ಅಳತೆಯಲ್ಲಿಯೂ ಇಳಿಜಾರಿನಲ್ಲಿಯೂ ಸಮವಾಗಿ ಬರುವುವು. ರೇಖಾಗಣಿತವು ಯಾವ ಉಪಯೋಗಕ್ಕೆ ಎಂದು ಕೇಳುವ ಬಾಲಿಕೆಯರಿಗೆ ಈ ಒಂದು ಕೊಯ್ತವನ್ನು ತೋರಿಸಿದರೆ ಸಾಕು.

ಮೇಲಿನ ಹಲಗೆಯು 24 ಅಂಗುಲ ಉದ್ದ, 15 ಅಂಗುಲ ಅಗಲ. ಹಿಂಬದಿಗೆ 22 ಅಂಗುಲ ಉದ್ದ, 4 ಅಂಗುಲ ಅಗಲದ ಎರಡು ಪಟ್ಟಿಗಳು. ಮುಂಬದಿಯ ಕೆಳಗೆ 22 ಅಂಗುಲ ಉದ್ದ, 2 ಅಂಗುಲ ಅಗಲದ ಒಂದು ಪಟ್ಟಿ. ಪೇಟೆಯಲ್ಲಿ ಸಿಗುವ 8 ಅಡಿಗೆ 4 ಅಡಿಯ ಪ್ಲೈವುಡ್ ಹಾಳೆಯಲ್ಲಿ, ಗರಗಸವು ತಿನ್ನುವ ಕೂದಲೆಳೆಯಷ್ಟನ್ನು ಬಿಟ್ಟುಕೊಟ್ಟರೆ, ಇಂಥ ನಾಲ್ಕು ಪೆಟ್ಟಿಗೆಗಳಾಗುವುವು. ಮತ್ತು 9 ಅಂಗುಲದ ಪಟ್ಟಿಯೊಂದು ಮಿಗುವುದು. ಆದುದರಿಂದ ನಾಲ್ಕು ಮನೆಯವರು ಕೂಡಿ ಒಂದು ಹಾಳೆಯನ್ನು ಕೊಳ್ಳುವುದು ಜಾಣತನ.

ಪಕ್ಕದ ಎರಡು ಹಲಗೆಗಳನ್ನು ಎತ್ತರದ ಅಂಚು ಹಿಂದಾಗುವಂತೆ, ಹೊರಗಿನಿಂದ ಹೊರಕ್ಕೆ 22 ಅಂಗುಲವಿರುವಂತೆ ನಿಲ್ಲಿಸಿರಿ. ಹಿಂಬದಿಯ ಪಟ್ಟಿಗಳಲ್ಲಿ ಒಂದನ್ನು ಮೇಲೆಯೂ ಒಂದನ್ನು ತಳದಲ್ಲಿಯೂ, ಮುಂಬದಿಯ ಪಟ್ಟಿಯನ್ನು ತಳದಲ್ಲಿಯೂ ಕೂಡಿಸಿರಿ. ಪ್ಲೈವುಡ್ಡಿನ ಅಂಚಿಗೆ ನೇರವಾಗಿ ಮೊಳೆ ಹೊಡೆದರೆ ಅದು ಪದರು ಪದರಾಗಿ ಬಿಚ್ಚಿಕೊಳ್ಳುವುದು. ಆದುದರಿಂದ ಒಳಮೂಲೆಗಳಲ್ಲಿ ಚೌಕ ಪಟ್ಟಿಯ ತುಂಡುಗಳನ್ನಿಟ್ಟು, ಅಂಟು ಹಚ್ಚಿ, ಬೈರಿಗೆಯಿಂದ ತೂತು ಕೊರೆದು, ತಿರುಪುಮೊಳೆಯನ್ನು ಆ ತುಂಡಿಗೆ ಇಳಿಸತಕ್ಕದ್ದು. ಅಂಟು ಒಣಗುವ ಮೊದಲು ಹಿಂಬದಿಯಲ್ಲಿ ಮೂಲೆಯಿಂದ ಎದುರು ಮೂಲೆಗೆ ಎರಡು ಕಡೆಯಿಂದಲೂ ಅಳೆಯಿರಿ. ಎರಡು ಅಳತೆಗಳೂ ಒಂದೇ ಆದರೆ ಪೆಟ್ಟಿಗೆಯು ಚೊಕ್ಕಟವಾಗಿದೆ. ಬೇರೆಯಾದರೆ ಉದ್ದವಾದ ಕಡೆಯಿಂದ ಮೆಲ್ಲನೆ ಒತ್ತಿ ಸರಿಪಡಿಸಿರಿ. ಆ ಬಳಿಕ ಮೇಲಿನ ಹಲಗೆಯನ್ನು ಎರಡು ಪಕ್ಕಗಳಲ್ಲಿ ಒಂದೊಂದು ಅಂಗುಲ ಹೊರಗೆ ಚಾಚುವಂತೆ ಕೂಡಿಸಿ, ಮುಂದಿನ ಅಂಚಿಗೆ ಪುಸ್ತಕ ಜಾರದಂತೆ ಅರ್ಧ ಅಂಗುಲ ಎತ್ತರದ ತಡೆಪಟ್ಟಿಯನ್ನು ಅಂಟಿಸಿರಿ. ಇದಕ್ಕಿಂತ ಎತ್ತರವಾದರೆ ಮಣಿಕಟ್ಟಿಗೆ ಒತ್ತುವುದು. ಕಡೆಗೆ ಎಲ್ಲಾ ಅಂಚುಗಳನ್ನೂ ಮರಳುಕಾಗದದಿಂದ ಉಜ್ಜಿ ನಯಮಾಡಬೇಕು.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳುವುದು ಓದುಗರಿಗೆ ಉಪಯೋಗವಾದೀತು. ಉತ್ತರಪತ್ರಿಕೆಗಳನ್ನು ತಿದ್ದಿ ತಿದ್ದಿ ಬೆನ್ನು ನೊಂದು, ಆಗಾಗ ಎದ್ದು ನಿಲ್ಲಬೇಕೆಂದು ವೈದ್ಯರು ಹೇಳಿದ ಮೇಲೆ ನಾನು ನನಗಾಗಿಯೇ ಮೊದಲನೆಯ ಪೆಟ್ಟಿಗೆಯನ್ನು ಮಾಡಿಕೊಂಡೆನು. ಹಿಂಬದಿಯ ಪಟ್ಟಿಗಳು ಅಂದಕ್ಕೆ ಮಾತ್ರವೆಂದು ತಿಳಿದು ಅವುಗಳನ್ನು ಬಿಟ್ಟುಬಿಟ್ಟೆನು. ಮೂರನೆಯ ದಿನ ಮೊಳಕೈ ಊರಿ ತಿದ್ದುತ್ತಿರುವಾಗ ಪೆಟ್ಟಿಗೆಯು ಒಂದು ಪಕ್ಕಕ್ಕೆ ವಾಲಿ, ಪತ್ರಿಕೆಗಳೂ ಕೆಂಪು ಮಸಿಯೂ ನನ್ನ ಸೀರೆಯ ಮೇಲೆ ಬಿದ್ದವು. ನಾಲ್ಕು ಬದಿಯ ಆಕೃತಿಯು ಮೂಲೆಗಳಲ್ಲಿ ಸಡಿಲಾದರೆ ಓರೆಯಾಗುವುದು, ತ್ರಿಕೋನವು ಓರೆಯಾಗುವುದಿಲ್ಲ ಎಂದು ತರಗತಿಯಲ್ಲಿ ನಾನೇ ಎಷ್ಟೋ ಸಾರಿ ಹೇಳಿದ್ದೆನು. ಅಗಲವಾದ ಪಟ್ಟಿಯು ಮೂಲೆಯನ್ನು ಹಿಡಿದುಕೊಂಡು ತ್ರಿಕೋನದ ಕೆಲಸವನ್ನೇ ಮಾಡುವುದು. ಅದನ್ನು ಬಿಡಬೇಡಿರಿ.

ಒಂದೇ ಪೆಟ್ಟಿಗೆಯು ಅಕ್ಕತಂಗಿಯರಿಬ್ಬರಿಗೂ ಆಗಬೇಕಾದರೆ ದೊಡ್ಡವಳ ಅಳತೆಗೆ ಮಾಡಿ, ಚಿಕ್ಕವಳ ಕಾಲ ಕೆಳಗೆ ಅಗಲವಾದ ಮಣೆಯನ್ನು ಇಡಬೇಕು. 5 ಅಡಿಯವಳಿಗೆ ಮಾಡಿದ ಪೆಟ್ಟಿಗೆಯ ಮುಂದೆ 4 ಅಡಿ 8 ಅಂಗುಲದವಳು ಎರಡೂವರೆ ಅಂಗುಲದ ಮಣೆಯ ಮೇಲೆ ನಿಂತರೆ ಸರಿಹೋಗುವುದು.

ಉಪಯೋಗಿಸುವ ಕ್ರಮ

ಮೊದಲನೆಯ ವಾರ ಒಂದು ಸಾರಿಗೆ ಹತ್ತು ಹದಿನೈದು ನಿಮಿಷಕ್ಕಿಂತ ಹೆಚ್ಚು ನಿಲ್ಲಬೇಕಾಗಿಲ್ಲ. ಅಭ್ಯಾಸವಾದ ಬಳಿಕ ಅರ್ಧ ತಾಸು ಕುಳಿತು ಅರ್ಧ ತಾಸು ನಿಲ್ಲಬಹುದು. ನಡುವೆ ನೀರು ಕುಡಿಯಲೆಂದಾದರೂ ನಾಲ್ಕು ಹೆಜ್ಜೆ ನಡೆಯಬೇಕು. ಕಂಠಪಾಠ, ನಕ್ಷೆ ನೋಡುವುದು, ಲೆಕ್ಕದ ಮೊದಲ ಯೋಚನೆ ಇವುಗಳಿಗೆ ನಿಲ್ಲುವುದು ಒಳ್ಳೆಯದು. ಉದ್ದವಾದ ಪ್ರಬಂಧವನ್ನು ಕುಳಿತು ಬರೆಯುವುದು ಸುಖ. ನಮ್ಮ ಕಡೆಯ ಕಲ್ಲುಹಾಸಿನ ನೆಲವು ಅಂಗಾಲಿಗೆ ಗಡುಸು. ಹಳೆಯ ಕೌದಿಯೊಂದನ್ನು ನಾಲ್ಕು ಮಡಿಕೆ ಮಾಡಿ ಕಾಲಡಿಗೆ ಹಾಸಿಕೊಂಡರೆ ನೋವಾಗದು. ಪಕ್ಕದಲ್ಲಿ ಒಂದು ಇಟ್ಟಿಗೆಯನ್ನಿಟ್ಟು ಒಮ್ಮೆ ಎಡಗಾಲನ್ನೂ ಒಮ್ಮೆ ಬಲಗಾಲನ್ನೂ ಅದರ ಮೇಲೆ ಇಟ್ಟುಕೊಂಡರೆ ಸೊಂಟಕ್ಕೆ ವಿಶ್ರಾಂತಿ ದೊರೆಯುವುದು. ಬಲಗೈಯಿಂದ ಬರೆಯುವವಳಿಗೆ ಬೆಳಕು ಎಡಗಡೆಯಿಂದ ಬರಬೇಕು, ಇಲ್ಲದಿದ್ದರೆ ಕೈಯ ನೆರಳು ಅಕ್ಷರದ ಮೇಲೆ ಬೀಳುವುದು. ಗರ್ಭಿಣಿಯರು, ಕಾಲಿನ ರಕ್ತನಾಳ ಉಬ್ಬಿದವರು, ನಿಂತಾಗ ತಲೆ ತಿರುಗುವವರು ವೈದ್ಯರನ್ನು ಕೇಳಿಯೇ ಆರಂಭಿಸತಕ್ಕದ್ದು.

ಕಡೆಯದಾಗಿ ಒಂದು ಸಂಗತಿ. ಶಾಲೆಯಲ್ಲಿ ನಾವು ಮಾಡಿದ ಪೆಟ್ಟಿಗೆಗಳಲ್ಲೊಂದನ್ನು ಹತ್ತನೆಯ ತರಗತಿಯ ಬಾಲಿಕೆಯೊಬ್ಬಳಿಗೆ ಮನೆಗೆ ಒಯ್ಯಲು ಕೊಟ್ಟಿದ್ದೆನು. ನಾಲ್ಕು ದಿನಕ್ಕೆ ಅದನ್ನು ಹೊತ್ತು ತಂದು ನನ್ನ ಕೋಣೆಯ ಬಾಗಿಲಲ್ಲಿ ಇಳಿಸಿ, "ಅಕ್ಕೋರ, ನಮ್ಮನ್ಯಾಗ ಮೇಜಿಲ್ರಿ, ಇಡಾಕ ಜಾಗಾನೂ ಇಲ್ರಿ, ಮಗ್ಗಾನ ಮನಿ ತುಂಬೇತ್ರಿ" ಎಂದಳು. ಮೇಜಿಲ್ಲದ ಮನೆಗೆ ಮೇಜಿನ ಮೇಲಿಡುವ ಪೆಟ್ಟಿಗೆಯನ್ನು ಕೊಟ್ಟ ನನ್ನ ಅವಿಚಾರಕ್ಕೆ ನಾಚಿಕೆಯಾಯಿತು. ಮರುದಿನ ಸಂಜೆ ನಾನೇ ಅವಳ ಮನೆಗೆ ಹೋದೆನು. ಮಗ್ಗದ ಹಿಂದೆ, ಹಾಸಿಗೆಯ ಸುರುಳಿಗಳ ಪಕ್ಕದಲ್ಲಿ, ಎರಡು ಟ್ರಂಕುಗಳು ಅಕ್ಕಪಕ್ಕದಲ್ಲಿದ್ದವು. ಅವಳ ತಂದೆಯವರು ಲಾಳಿಯನ್ನು ಕೆಳಗಿಟ್ಟು ಎದ್ದು ಬಂದು, ಒಂದು ಮಾತನ್ನೂ ಆಡದೆ ಒಂದು ಟ್ರಂಕಿನ ಮೇಲೆ ಇನ್ನೊಂದನ್ನು ಎತ್ತಿ ಇಟ್ಟರು, ಅಳತೆ ನೋಡಿದರು, ಮೂರು ಅಂಗುಲ ಕಡಿಮೆಯೆಂದು ಹೇಳಿ, ಹಳೆಯ ಮಗ್ಗದ ಮರದ ತುಂಡುಗಳನ್ನು ಹುಡುಕಿ ತಂದು ಕೆಳಗೆ ಕೊಟ್ಟರು. ಮಗ್ಗದ ಮೇಲೆ ತೂಗುತ್ತಿದ್ದ ದೀಪವನ್ನು ಒಂದು ಮೊಳ ಆಚೆಗೆ ಸರಿಸಿ ಕಟ್ಟಿದರು. ಆಗ ಆ ಮನೆಯಲ್ಲಿ ಮಗಳು ಓದುವ ಸ್ಥಳವೆಂಬುದೊಂದು ಉಂಟಾಯಿತು.

ಆ ಬಾಲಿಕೆಯು ಆ ವರ್ಷ ಪರೀಕ್ಷೆಯಲ್ಲಿ ತೇರ್ಗಡೆಯಾದಳು. ಅದಕ್ಕೆ ಅವಳ ಪರಿಶ್ರಮವೂ ದೇವರ ದಯೆಯೂ ಕಾರಣವಲ್ಲದೆ ನಮ್ಮ ಹಲಗೆಗಳು ಕಾರಣವೆಂದು ನಾನು ಹೇಳಲಾರೆನು. ಆದರೆ ಮನೆಯಲ್ಲಿ ತನ್ನದೆನ್ನುವ ಎರಡಡಿ ಸ್ಥಳವಿದ್ದರೆ, ತಾನು ಓದುವುದು ಮನೆಯವರಿಗೆ ಬೇಕಾದ ಕೆಲಸವೆಂದು ಬಾಲಿಕೆಯು ತಿಳಿಯುತ್ತಾಳೆ. ಆ ನಂಬಿಕೆಯನ್ನು ಶಾಲೆಯು ಎಷ್ಟು ಕಲಿಸಿದರೂ ಮನೆಯೇ ಕೊಡಬೇಕು. ಈಗ ಅವಳ ತಂಗಿಯು ಅದೇ ಪೆಟ್ಟಿಗೆಯ ಮುಂದೆ ಮಣೆಯ ಮೇಲೆ ನಿಂತು ಓದುತ್ತಿದ್ದಾಳೆ. ಹಗಲಿನಲ್ಲಿ ತಂದೆಯವರು ಅದರ ಮೇಲೆಯೇ ನೂಲಿನ ಲೆಕ್ಕವನ್ನು ಬರೆಯುತ್ತಾರಂತೆ.

ಶಾಲೆಯಲ್ಲಿ ಮಾಡಿದ ಪೆಟ್ಟಿಗೆಯೊಂದನ್ನು ನನ್ನ ಕೋಣೆಯಲ್ಲಿ ಇಟ್ಟಿರುವೆನು. ಅಳತೆಯನ್ನು ತೆಗೆದುಕೊಳ್ಳಬೇಕೆನ್ನುವ ತಾಯಿತಂದೆಗಳು ಯಾವ ಶನಿವಾರವಾದರೂ ಬಂದು ನೋಡಬಹುದು. ಬರುವಾಗ ಮಗಳನ್ನೂ ಸಂಗಡ ಕರೆದುಕೊಂಡು ಬನ್ನಿರಿ, ಅವಳ ಮೊಳಕೈಯನ್ನು ಅಳೆಯಬೇಕಾಗಿದೆ.